ಗೇಮ್ ಸ್ಲೋ ಆದ್ರೆ ಚಿತ್ರ ಬಿಡಿ, ಟೈಮ್ ಬಿಡಬೇಡಿ

ಹೋದ ಸಂಚಿಕೆಯಲ್ಲಿ ಹಳೇ ಕನ್ಸೋಲ್ ಗೇಮ್‌ಗಳನ್ನ ಮೊಬೈಲಲ್ಲಿ, ಲ್ಯಾಪ್‌ಟಾಪಲ್ಲಿ ಎಮ್ಯುಲೇಟರ್ (ಹಳೇ ಕನ್ಸೋಲ್ ಥರಾನೇ ನಡ್ಕೊಳ್ಳೋ ಸಾಫ್ಟ್‌ವೇರ್) ಹಾಕ್ಕೊಂಡು ಆಡೋದರ ಬಗ್ಗೆ ಸ್ವಲ್ಪ ಬರ್ದಿದ್ದೆ. ಅದಾದ ಮೇಲೆ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇರೋದು ಒಂದೇ, ಗೇಮ್ ಸ್ಲೋ ಓಡುತ್ತೆ, ಫ್ರೇಮ್ ಸ್ಕಿಪ್ (ಫ್ರೇಮ್ ಅಂದ್ರೆ ಸ್ಕ್ರೀನ್ ಮೇಲಿನ ಒಂದೊಂದು ಚಿತ್ರ, ಅದರಲ್ಲಿ ಕೆಲವನ್ನ ಬಿಡಿಸದೇ ಮುಂದೆ ಹೋಗೋದು) ಹಾಕಬೇಕಾ ಬೇಡ್ವಾ ಅಂತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಸಾರ್, ನಮ್ಮ ಮನೇಲಿ ಆಟಮ್ ಪ್ರೊಸೆಸರ್ ಇರೋ ಹಳೇ ಪುಟಾಣಿ ನೆಟ್‌ಬುಕ್ ಒಂದಿದೆ. ನಾನು ಹುಡುಗನಾಗಿದ್ದಾಗ ಆಡಿದ್ದ ಪ್ಲೇಸ್ಟೇಷನ್ ಗೇಮ್‌ಗಳನ್ನ ಮಗಳಿಗೆ ತೋರಿಸೋಣ ಅಂತ ಎಮ್ಯುಲೇಟರ್ ಹಾಕಿದೆ. ಪಾತ್ರಗಳೆಲ್ಲ ಸೊಂಟದವರೆಗೂ ನೀರಲ್ಲಿ ನಿಂತು ನಡೆದಂಗೆ ನಡೀತಾವೆ, ಸೌಂಡ್ ಅಂತೂ ಕರ್ ಕರ್ ಅಂತ ತುಂಡು ತುಂಡಾಗಿ ಬರುತ್ತೆ. ಫ್ರೇಮ್ ಸ್ಕಿಪ್ ಆನ್ ಮಾಡಿದ್ರೆ ಗೇಮ್‌ನಲ್ಲಿ ಅರ್ಧ ಭಾಗ ಹಾರಿ ಹೋಗುತ್ತಾ ಅಂತ ಭಯ.
(ವಿಜಯನಗರದ ಓದುಗರು)

ಉತ್ತರ: ಹಾರಿ ಹೋಗಲ್ಲ ಸಾರ್, ಧೈರ್ಯವಾಗಿ ಆನ್ ಮಾಡಿ. ಹಾರೋದು ಬರೀ ಚಿತ್ರ, ಆಟ ಅಲ್ಲ. ಭಾನುವಾರ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಯುತ್ತಲ್ಲ, ಅಲ್ಲಿ ಒಬ್ಬ ಕೂತ್ಕೊಂಡು ಸ್ಕೋರ್ ಬುಕ್ ಬರೀತಾನೆ, ಇನ್ನೊಬ್ಬ ಹುಡುಗ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೀತಾನೆ. ಬೋರ್ಡ್ ಹುಡುಗನಿಗೆ ಕೈ ಓಡ್ತಾ ಇಲ್ಲ ಅಂದ್ರೆ ಅವನಿಗೋಸ್ಕರ ಬೌಲರ್‌ನ ನಿಲ್ಲಿಸ್ತಾರಾ? ಪ್ರತಿ ಬಾಲ್‌ಗೂ ಅಳಿಸಿ ಬರೀಬೇಡಪ್ಪ, ಓವರ್ ಮುಗಿದ ಮೇಲೆ ಬರಿ ಅಂತಾರೆ. ಬುಕ್ಕಲ್ಲಿ ಒಂದು ರನ್ನೂ ತಪ್ಪಲ್ಲ, ಮ್ಯಾಚೂ ನಿಲ್ಲಲ್ಲ, ನೋಡೋರಿಗೆ ಮಾತ್ರ ಬೋರ್ಡ್ ಸ್ವಲ್ಪ ತಡವಾಗಿ ಬದಲಾಗುತ್ತೆ.

ಎಮ್ಯುಲೇಟರ್‌ನಲ್ಲೂ ಹಿಂಗೇ ಎರಡು ಕೆಲಸ ಇದೆ. ಕನ್ಸೋಲ್‌ನ ಪ್ರೊಸೆಸರ್ ಏನೇನು ಲೆಕ್ಕ ಮಾಡ್ತಿತ್ತೋ ಅದನ್ನ ಮಾಡೋದು, ಅಂದ್ರೆ ಶತ್ರು ಎಲ್ಲಿದಾನೆ, ನೀವು ಯಾವ ಬಟನ್ ಒತ್ತಿದ್ರಿ, ಯಾವ ಸೌಂಡ್ ಬರಬೇಕು ಇದೆಲ್ಲ. ಇದು ಸ್ಕೋರ್ ಬುಕ್. ಆಮೇಲೆ ಅದನ್ನ ಸ್ಕ್ರೀನ್ ಮೇಲೆ ಬಿಡಿಸೋದು, ಇದು ಬೋರ್ಡ್. ಅಮೆರಿಕ, ಜಪಾನ್ ಕಡೆ ಕನ್ಸೋಲ್ ಸೆಕೆಂಡಿಗೆ ಹೆಚ್ಚುಕಮ್ಮಿ 60 ಸಲ ಸ್ಕ್ರೀನ್‌ಗೆ ಚಿತ್ರ ಕಳಿಸುತ್ತೆ, ಹಂಗಾಗಿ ಒಂದು ಫ್ರೇಮ್‌ನ ಪೂರ್ತಿ ಕೆಲಸ ಮುಗಿಸೋಕೆ ನಿಮ್ಮ ನೆಟ್‌ಬುಕ್‌ಗೆ ಸಿಗೋದು 16.67 ಮಿಲಿಸೆಕೆಂಡ್ ಅಷ್ಟೇ. ಮಾತಿಗೆ ಅಂತ ಇಟ್ಕೊಳ್ಳಿ, ಲೆಕ್ಕದ ಕೆಲಸಕ್ಕೆ 9 ಮಿಲಿಸೆಕೆಂಡ್ ಬೇಕು, ಬಿಡಿಸೋಕೆ 11 ಬೇಕು, ಒಟ್ಟು 20 ಆಯ್ತು. 16.67ರಲ್ಲಿ ಮುಗೀಬೇಕಾದ್ದು 20 ತಗೊಂಡ್ರೆ ಸೆಕೆಂಡಿಗೆ 50 ಫ್ರೇಮ್ ಮಾತ್ರ ಆಗುತ್ತೆ, ಗೇಮ್ 83 ಪರ್ಸೆಂಟ್ ಸ್ಪೀಡಲ್ಲಿ ತೆವಳುತ್ತೆ. ಈಗ ಒಂದು ಬಿಟ್ಟು ಒಂದು ಚಿತ್ರ ಬಿಡಿಸಿ ಅಂದ್ರೆ ಎರಡು ಫ್ರೇಮ್‌ಗೆ ಸೇರಿ 9, 11, ಮತ್ತೆ 9, ಒಟ್ಟು 29. ಎರಡು ಫ್ರೇಮ್‌ಗೆ ಇರೋ ಟೈಮ್ 33 ಚಿಲ್ಲರೆ, ನಾಲ್ಕು ಮಿಲಿಸೆಕೆಂಡ್ ಉಳೀತು! ಗೇಮ್ ಪೂರ್ತಿ ಸ್ಪೀಡಿಗೆ ಬಂತು.

ಸೌಂಡ್ ಯಾಕೆ ತುಂಡು ತುಂಡಾಗುತ್ತೆ ಅನ್ನೋದಕ್ಕೂ ಇದೇ ಕಾರಣ. ಸೌಂಡ್ ಅಂದ್ರೆ ಸ್ಯಾಂಪಲ್ ಅನ್ನೋ ಸಣ್ಣ ಸಣ್ಣ ತುಣುಕು, ಸೆಕೆಂಡಿಗೆ 44,100 ಸ್ಯಾಂಪಲ್ ಅಂದ್ರೆ ಒಂದು ಫ್ರೇಮ್‌ಗೆ 735. ನಿಮ್ಮ ಮಷೀನ್ ಸೆಕೆಂಡಿಗೆ 50 ಫ್ರೇಮ್ ಮಾತ್ರ ಮುಗಿಸಿದ್ರೆ ಸ್ಪೀಕರ್‌ಗೆ 36,750 ಸ್ಯಾಂಪಲ್ ಸಿಗುತ್ತೆ, ಅದು ಕೇಳೋದು 44,100. ಮಿಕ್ಕ 7,350ರ ಜಾಗದಲ್ಲಿ ಖಾಲಿ. ಆ ಖಾಲಿನೇ ನಿಮ್ಮ ಕಿವಿಗೆ ಕರ್ ಕರ್ ಅಂತ ಬೀಳ್ತಿರೋದು. ಕಣ್ಣಿಗೆ ಒಂದು ಚಿತ್ರ ತಪ್ಪಿದ್ರೆ ಅದು ಹೊಂದಿಸ್ಕೊಂಡು ಬಿಡುತ್ತೆ, ಕಿವಿ ಹಂಗಲ್ಲ, ಚೂರು ತಪ್ಪಿದ್ರೂ ಹಿಡಿದುಬಿಡುತ್ತೆ. ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು, ಏನಾದ್ರೂ ಬಿಟ್ಟುಕೊಡಲೇಬೇಕು ಅಂದ್ರೆ ಮೊದಲು ಚಿತ್ರ ಬಿಟ್ಟುಕೊಡಿ, ಸೌಂಡು, ಸ್ಪೀಡು ಕೊನೇವರೆಗೂ ಬಿಡಬೇಡಿ. ಗೇಮ್ ಮಾಡಿದೋರು ಒಂದು ಜಿಗಿತಕ್ಕೆ ಇಷ್ಟೇ ಹೊತ್ತು ಅಂತ ಅಳೆದು ಇಟ್ಟಿರ್ತಾರೆ, ಆ ಟೈಮ್ ಕೆಟ್ಟರೆ ನೀವು ಆಡ್ತಿರೋದು ಆ ಗೇಮೇ ಅಲ್ಲ.

ರೆಟ್ರೋಆರ್ಚ್‌ನಲ್ಲಿ ಪಿಸಿಎಸ್‌ಎಕ್ಸ್ ರಿಆರ್ಮ್ಡ್ ಅನ್ನೋ ಕೋರ್ ಹಾಕಿ, ಹಗುರವಾಗಿದೆ (ರೆಟ್ರೋಆರ್ಚ್ ಅನ್ನೋದು ಬೇರೆ ಬೇರೆ ಎಮ್ಯುಲೇಟರ್‌ಗಳನ್ನ ಒಂದೇ ಕಡೆ ಓಡಿಸೋ ಆ್ಯಪ್, ಕೋರ್ ಅಂದ್ರೆ ಅದರೊಳಗಿನ ಒಂದು ಎಮ್ಯುಲೇಟರ್). ಅದರ ಆಪ್ಷನ್ಸಲ್ಲಿ ಫ್ರೇಮ್ ಸ್ಕಿಪ್‌ನ ಆಟೋಗೆ ಇಡಿ. ಆಟೋ ಅಂದ್ರೆ ಸೌಂಡ್ ಬಫರ್ (ಸ್ಪೀಕರ್‌ಗೆ ಹೋಗೋ ಮುಂಚೆ ಸೌಂಡ್ ಕೂಡಿಟ್ಟಿರೋ ಜಾಗ) ಖಾಲಿ ಆಗ್ತಾ ಬಂದಾಗ ಮಾತ್ರ ಚಿತ್ರ ಬಿಡುತ್ತೆ, ಮಷೀನ್ ಆರಾಮಾಗಿದ್ರೆ ಎಲ್ಲಾ ಚಿತ್ರಾನೂ ತೋರಿಸುತ್ತೆ. ಒಂದು ವಿಷಯ ನೆನಪಿರಲಿ, ಪ್ಲೇಸ್ಟೇಷನ್ 1ರ ಎಷ್ಟೋ ಗೇಮ್‌ಗಳು ತಾವೇ ಸೆಕೆಂಡಿಗೆ 30 ಹೊಸ ಚಿತ್ರ ಮಾತ್ರ ಬಿಡಿಸ್ತವೆ, ಒಂದೊಂದನ್ನೂ ಎರಡೆರಡು ಸಲ ತೋರಿಸ್ತವೆ. ಅಂಥ ಗೇಮಲ್ಲಿ ಆ ಎರಡನೇ ಸಲದ್ದನ್ನ ಬಿಟ್ಟರೆ ಟೈಮ್ ಏನೂ ಉಳಿಯಲ್ಲ, ಟೈಮ್ ಉಳೀಬೇಕು ಅಂದ್ರೆ ನಿಜವಾದ ಚಿತ್ರಗಳನ್ನೇ ಬಿಡಬೇಕು, ಆಗ 15ಕ್ಕೆ ಇಳಿಯುತ್ತೆ, ಕಣ್ಣಿಗೆ ಗೊತ್ತಾಗುತ್ತೆ. ಅದನ್ನ ನೋಡಿ ನೆಟ್‌ಬುಕ್ ಕೆಟ್ಟಿದೆ ಅಂದ್ಕೋಬೇಡಿ.

ಪ್ರಶ್ನೆ: ಅಣ್ಣಾ, ಮೊಬೈಲಲ್ಲಿ ಪಿಪಿಎಸ್‌ಎಸ್‌ಪಿಪಿ ಅನ್ನೋ ಎಮ್ಯುಲೇಟರ್ ಹಾಕಿ ಪಿಎಸ್‌ಪಿ (ಸೋನಿಯ ಕೈಲಿ ಹಿಡಿದು ಆಡೋ ಕನ್ಸೋಲ್) ಗೇಮ್ ಆಡ್ತೀನಿ. 76 ಪರ್ಸೆಂಟ್ ಸ್ಪೀಡ್ ತೋರಿಸ್ತಿತ್ತು, ಫ್ರೆಂಡ್ ಹೇಳ್ದ ಅಂತ ಫ್ರೇಮ್ ಸ್ಕಿಪ್ 5ಕ್ಕೆ ಇಟ್ಟೆ, ಈಗ ಚಿತ್ರ ಎಲ್ಲ ಜರ್ಕ್ ಹೊಡೀತಿದೆ, ಸ್ಪೀಡ್ ಮಾತ್ರ 90 ದಾಟ್ತಿಲ್ಲ. ಇನ್ನೂ ಜಾಸ್ತಿ ಇಡ್ಲಾ?
(ಬನಶಂಕರಿಯ ಪಿಯು ವಿದ್ಯಾರ್ಥಿ)

ಉತ್ತರ: ಬೇಡ ಮರಿ, 5 ಅಂದ್ರೆ ಒಂದು ಚಿತ್ರ ತೋರಿಸಿ ಐದು ಬಿಡೋದು, ಮೊದಲು ಅದನ್ನ ತೆಗಿ. ಮೇಲೆ ವಿಜಯನಗರದವರಿಗೆ ಹೇಳಿದ ಲೆಕ್ಕನೇ ಈಗ ಉಲ್ಟಾ ಹಾಕಿ ನೋಡು. ಲೆಕ್ಕದ ಕೆಲಸಕ್ಕೆ 18 ಮಿಲಿಸೆಕೆಂಡ್, ಬಿಡಿಸೋಕೆ ಬರೀ 4 ಅಂತ ಇಟ್ಕೋ, ಒಟ್ಟು 22, ಸ್ಪೀಡು ಸುಮಾರು 76 ಪರ್ಸೆಂಟು. ಈಗ ಒಂದೇ ಒಂದು ಚಿತ್ರಾನೂ ಬಿಡಿಸದೇ ಸ್ಕ್ರೀನ್ ಪೂರ್ತಿ ಕಪ್ಪು ಇಟ್ರೂ 18 ಬೇಕೇ ಬೇಕು, ಇರೋದು 16.67. ಅಂದ್ರೆ 93 ಪರ್ಸೆಂಟ್ ಮೇಲೆ ಹೋಗೋ ಹಾಗೇ ಇಲ್ಲ, ಫ್ರೇಮ್ ಸ್ಕಿಪ್ 8 ಇಟ್ರೂ ಅಷ್ಟೇ. ಸ್ಕೋರ್ ಬುಕ್ ಬರೆಯೋನೇ ಹಿಂದೆ ಬಿದ್ದಿದ್ರೆ ಬೋರ್ಡ್ ಹುಡುಗನ್ನ ಮನೆಗೆ ಕಳಿಸಿ ಏನ್ ಪ್ರಯೋಜನ.

ಹಾಗಾಗಿ ಯಾರು ಸ್ಲೋ ಅಂತ ಮೊದಲು ಕಂಡುಹಿಡಿ. ಫ್ರೇಮ್ ಸ್ಕಿಪ್ ಆಫ್ ಮಾಡಿ, ಗೇಮಲ್ಲಿ ಸ್ಲೋ ಆಗೋ ಒಂದು ಜಾಗದಲ್ಲಿ ಸೇವ್ ಸ್ಟೇಟ್ ಮಾಡ್ಕೋ (ಆಟ ಆ ಗಳಿಗೆಯಲ್ಲಿ ಹೆಂಗಿದೆಯೋ ಹಂಗೇ ಉಳಿಸ್ಕೊಳ್ಳೋದು), ಪ್ರತಿ ಸಲ ಅದೇ ಜಾಗದಿಂದ ಶುರು ಮಾಡಿದ್ರೇನೇ ಹೋಲಿಕೆ ಸರಿ ಬರೋದು. ಸೆಟಿಂಗ್ಸಲ್ಲಿ ರೆಂಡರಿಂಗ್ ರೆಸಲ್ಯೂಷನ್, ಅಂದ್ರೆ ಚಿತ್ರ ಎಷ್ಟು ಪಿಕ್ಸೆಲ್‌ನಲ್ಲಿ ಬಿಡಿಸುತ್ತೆ ಅನ್ನೋದು, ಎಷ್ಟಿದೆ ನೋಡು. ಪಿಎಸ್‌ಪಿ ಸ್ಕ್ರೀನ್ ಇದ್ದಿದ್ದು 480 ಗುಣಿಸು 272. ನೀನು 4 ಪಟ್ಟು ಇಟ್ಟಿದ್ರೆ 1920 ಗುಣಿಸು 1088 ಆಯ್ತು, ಉದ್ದಕ್ಕೆ ನಾಲ್ಕು ಅಗಲಕ್ಕೆ ನಾಲ್ಕು, ಒಟ್ಟು 16 ಪಟ್ಟು ಪಿಕ್ಸೆಲ್! ಅದನ್ನ 1ಕ್ಕೆ ಇಳಿಸು. ಸ್ಪೀಡ್ ಸರ್ ಅಂತ ಮೇಲೆ ಬಂದ್ರೆ ತೊಂದರೆ ಬಿಡಿಸೋ ಕಡೆ ಇತ್ತು, 2 ಪಟ್ಟಿಗೆ ಇಟ್ಕೊಂಡು ಆರಾಮಾಗಿ ಆಡು, ಸ್ಕಿಪ್ಪೇ ಬೇಡ. ಒಂದು ಚೂರೂ ಬದಲಾಗ್ಲಿಲ್ಲ ಅಂದ್ರೆ ಫೋನ್‌ನ ಪ್ರೊಸೆಸರ್ರೇ ಸೋತಿದೆ. ಆಗ ಚಿತ್ರ ಬಿಡಿಸೋ ವಿಧಾನಗಳಾದ ವಲ್ಕನ್, ಓಪನ್‌ಜಿಎಲ್ ಎರಡರಲ್ಲಿ ಯಾವ್ದು ವಾಸಿ ಅಂತ ಬದಲಿಸಿ ನೋಡು, ಬ್ಯಾಟರಿ ಸೇವರ್ ಆಫ್ ಮಾಡು, ಹಿಂದುಗಡೆ ಓಡ್ತಿರೋ ಆ್ಯಪ್ ಮುಚ್ಚು. ಕೊನೇದಾಗಿ ಆಟೋ ಫ್ರೇಮ್‌ಸ್ಕಿಪ್ ಜೊತೆ 1 ಅಥವಾ 2, ಅದರ ಮೇಲೆ ಬೇಡ.

ಇನ್ನೊಂದು ಮಾತು. ಸ್ಪೀಡ್ ಪರ್ಸೆಂಟ್ ಬೇರೆ, ಫ್ರೇಮ್ ರೇಟ್ ಬೇರೆ. ಎಷ್ಟೋ ಪಿಎಸ್‌ಪಿ ಗೇಮ್ ಹುಟ್ಟಾ 30 ಫ್ರೇಮ್‌ದು. 30 ಅಂತ ಬರ್ತಿದೆ, ಪಕ್ಕದಲ್ಲಿ 100 ಪರ್ಸೆಂಟ್ ಅಂತನೂ ಬರ್ತಿದೆ ಅಂದ್ರೆ ಎಲ್ಲಾ ಸರಿಯಾಗಿದೆ ಅಂತಲೇ ಅರ್ಥ, ಸೆಟಿಂಗ್ಸ್ ಮುಟ್ಟೋಕೆ ಹೋಗ್ಬೇಡ.

ಪ್ರಶ್ನೆ: ದಿನಾ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ಹೋಗ್ತೀನಿ, ಸೀಟ್ ಸಿಕ್ಕರೆ ಗೇಮ್. ವಿಜಯನಗರದ ತನಕ ಬೆಣ್ಣೆ ಥರ ಓಡುತ್ತೆ, ಇಂದಿರಾನಗರ ಬರೋ ಹೊತ್ತಿಗೆ ಆಟೋ ಫ್ರೇಮ್‌ಸ್ಕಿಪ್ ಇದ್ರೂ ಎಳೀತದೆ. ಗೇಮ್‌ದು ತೊಂದ್ರೆನಾ?
(ಕೆಂಗೇರಿ ಉಪನಗರದ ಓದುಗರು)

ಉತ್ತರ: ಗೇಮ್‌ದಲ್ಲ ಮೇಡಂ, ಫೋನ್ ಬಿಸಿಯಾಗಿದೆ. ಬಿಸಿ ಒಂದು ಮಟ್ಟ ದಾಟಿದ್ರೆ ಫೋನ್ ತನ್ನನ್ನ ಕಾಪಾಡ್ಕೊಳ್ಳೋಕೆ ಪ್ರೊಸೆಸರ್ ಸ್ಪೀಡ್ ತಾನೇ ಇಳಿಸುತ್ತೆ. ಇಲ್ಲಿ ಒಂದು ಉಪಾಯ ಇದೆ, ಎಳೆಯೋಕೆ ಶುರುವಾದ ಮೇಲೆ ಅಲ್ಲ, ಕೆಂಗೇರಿಯಲ್ಲೇ ರೆಸಲ್ಯೂಷನ್ ಒಂದು ಹೆಜ್ಜೆ ಇಳಿಸಿ, ಫ್ರೇಮ್ ಸ್ಕಿಪ್ 1 ಇಟ್ಟು ಶುರು ಮಾಡಿ. ಕೆಲಸ ಕಮ್ಮಿ ಆದಷ್ಟೂ ಬಿಸಿ ಏರೋದು ನಿಧಾನ. ದಪ್ಪ ಕವರ್ ಇದ್ರೆ ತೆಗೀರಿ, ಬ್ರೈಟ್‌ನೆಸ್ ಇಳಿಸಿ, ಪವರ್ ಬ್ಯಾಂಕ್ ಚುಚ್ಚಿಕೊಂಡು ಆಡಬೇಡಿ, ಚಾರ್ಜ್ ಆಗುವಾಗಿನ ಬಿಸಿನೂ ಸೇರ್ಕೊಳುತ್ತೆ.

ಪ್ರಶ್ನೆ: ಸಾರ್ ಒಂದು ವಿಚಿತ್ರ ನೋಡ್ದೆ. ಹಳೇ 8 ಬಿಟ್ ಗೇಮಲ್ಲಿ ಫ್ರೇಮ್ ಸ್ಕಿಪ್ 1 ಇಟ್ರೆ ಹೀರೋಗೆ ಏಟು ಬಿದ್ದ ತಕ್ಷಣ ಮಾಯ ಆಗ್ಬಿಡ್ತಾನೆ, ಎರಡು ಸೆಕೆಂಡ್ ಬಿಟ್ಟು ಎಲ್ಲೋ ಪ್ರತ್ಯಕ್ಷ. ಸ್ಕಿಪ್ ತೆಗೆದ್ರೆ ಸರಿ ಹೋಗುತ್ತೆ. ರೋಮ್ (ಗೇಮ್ ಫೈಲ್) ಕೆಟ್ಟಿದೆಯಾ?
(ಮಲ್ಲೇಶ್ವರದ ಓದುಗರು)

ಉತ್ತರ: ರೋಮ್ ಚೆನ್ನಾಗಿದೆ ಸಾರ್. ಈ ಪ್ರಶ್ನೆ ಬಂದಿದ್ದಕ್ಕೆ ನನಗೆ ನಿಜವಾಗ್ಲೂ ಸಂತೋಷ, ಯಾಕಂದ್ರೆ ಫ್ರೇಮ್ ಸ್ಕಿಪ್‌ನ ಒಳಗುಟ್ಟು ಪೂರ್ತಿ ಇದರಲ್ಲೇ ಇದೆ.

ಏಟು ಬಿದ್ದ ಹೀರೋ ಸ್ವಲ್ಪ ಹೊತ್ತು ಮಿಣಮಿಣ ಮಿನುಗ್ತಾನಲ್ಲ, ಈಗ ಇವನಿಗೆ ಏಟು ತಾಗಲ್ಲ ಅಂತ ನಮಗೆ ಹೇಳೋಕೆ. ಆ ಮಿನುಗು ಹೆಂಗೆ ಬರುತ್ತೆ ಅಂದ್ರೆ ಎಷ್ಟೋ ಗೇಮಲ್ಲಿ ಒಂದು ಫ್ರೇಮಲ್ಲಿ ಅವನನ್ನ ಬಿಡಿಸ್ತಾರೆ, ಮುಂದಿನ ಫ್ರೇಮಲ್ಲಿ ಬಿಡಿಸಲ್ಲ, ಮತ್ತೆ ಬಿಡಿಸ್ತಾರೆ. ಈಗ ಫ್ರೇಮ್‌ಗೆ ನಂಬರ್ ಹಾಕಿ, 1ರಲ್ಲಿ ಇದಾನೆ, 2ರಲ್ಲಿ ಇಲ್ಲ, 3ರಲ್ಲಿ ಇದಾನೆ, 4ರಲ್ಲಿ ಇಲ್ಲ. ಸ್ಕಿಪ್ 1 ಅಂದ್ರೆ ಒಂದು ಬಿಟ್ಟು ಒಂದು. ಎಮ್ಯುಲೇಟರ್ 2, 4, 6, 8 ತೋರಿಸ್ತು ಅಂದ್ರೆ ಅವನು ಇಲ್ಲವೇ ಇಲ್ಲ, ಮಾಯ. 1, 3, 5, 7 ತೋರಿಸಿದ್ರೆ ಮಿನುಗದೇ ಗಟ್ಟಿಯಾಗಿ ನಿಂತಿರ್ತಾನೆ, ಏಟು ಬಿದ್ದಿದ್ದೇ ಗೊತ್ತಾಗಲ್ಲ. ಈಗ ಸ್ಕಿಪ್ 2 ಹಾಕಿ ನೋಡಿ, 1, 4, 7, 10 ಬರುತ್ತೆ, ಬೆಸ ಆದ ಮೇಲೆ ಸಮ, ಸಮ ಆದ ಮೇಲೆ ಬೆಸ, ಅವನು ವಾಪಸ್ ಬಂದ, ಸ್ವಲ್ಪ ನಿಧಾನವಾಗಿ ಮಿನುಗ್ತಾನೆ ಅಷ್ಟೇ! ಚಿತ್ರ ಜಾಸ್ತಿ ಬಿಟ್ಟಿದ್ದಕ್ಕೆ ಹೀರೋ ಕಾಣಿಸ್ಕೊಂಡ. ನಾನು ಇದನ್ನ ಮೊದಲ ಸಲ ಗಮನಿಸಿದ್ದು ಕಾಲೇಜ್ ದಿನಗಳಲ್ಲಿ, ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಪಾರ್ಟ್ಸ್ ಹುಡುಕಿ ಕಟ್ಟಿದ್ದ ಸೆಲೆರಾನ್ ಮಷೀನ್ ಮುಂದೆ ಕೂತು, ಒಂದೊಂದೇ ಫ್ರೇಮ್ ಪಾಸ್ ಮಾಡಿ ನೋಟ್‌ಬುಕ್ಕಲ್ಲಿ ಇದೆ, ಇಲ್ಲ, ಇದೆ, ಇಲ್ಲ ಅಂತ ಬರ್ಕೊಂಡು. ಅರ್ಥ ಆದಾಗ ರಾತ್ರಿ ಎರಡು ಗಂಟೆ, ಯಾರನ್ನಾದ್ರೂ ಎಬ್ಬಿಸಿ ಹೇಳಬೇಕು ಅನ್ನಿಸಿತ್ತು.

8 ಬಿಟ್ ನಿಂಟೆಂಡೋದಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತೆ. ಆ ಮಷೀನ್ ಸ್ಕ್ರೀನ್‌ನ ಒಂದು ಗೆರೆ ಮೇಲೆ 8 ಸ್ಪ್ರೈಟ್ (ಹೀರೋ, ಶತ್ರು, ಗುಂಡಿನಂಥ ಓಡಾಡೋ ಸಣ್ಣ ಚಿತ್ರ) ಮಾತ್ರ ತೋರಿಸಬಲ್ಲದು, ಒಂಬತ್ತನೇದು ಬಂದ್ರೆ ಅದು ಕಾಣಲ್ಲ. ಅದಕ್ಕೆ ಗೇಮ್ ಮಾಡೋರು ಈ ಫ್ರೇಮಲ್ಲಿ ಕೆಲವನ್ನ, ಮುಂದಿನ ಫ್ರೇಮಲ್ಲಿ ಮಿಕ್ಕವನ್ನ ಅಂತ ಸರದಿ ಹಾಕ್ತಿದ್ರು, ಹಳೇ ಟಿವಿಯಲ್ಲಿ ಎಲ್ಲವೂ ಸ್ವಲ್ಪ ಮಿನುಗ್ತಾ ಕಾಣಿಸೋದು. ಸ್ಕಿಪ್ 1 ಇದ್ರೆ ಸರದಿಯಲ್ಲಿ ಅರ್ಧ ಜನ ಯಾವಾಗ್ಲೂ ಹೊರಗೇ ನಿಲ್ತಾರೆ, ಕಾಣದ ಗುಂಡು ಬಂದು ನಿಮಗೆ ಹೊಡೆಯುತ್ತೆ. 16 ಬಿಟ್ ಗೇಮ್‌ಗಳಲ್ಲೂ ನೆರಳನ್ನ ಪಾರದರ್ಶಕ ಥರ ತೋರಿಸೋಕೆ ಹಿಂಗೇ ಮಿನುಗಿಸೋರು.

ನನ್ನ ಸಲಹೆ, 8 ಬಿಟ್ ಗೇಮ್‌ಗೆ ಈಗಿನ ಯಾವ ಫೋನಲ್ಲೂ ಸ್ಕಿಪ್ ಬೇಕಾಗಲ್ಲ, ತೆಗೆದುಬಿಡಿ. ಬೇಕೇ ಬೇಕು ಅನ್ನೋವಷ್ಟು ಹಳೇ ಸಾಮಾನು ಇದ್ರೆ ಆಟೋ ಇಡಿ, ಅದು ಒಂದೇ ತಾಳದಲ್ಲಿ ಬಿಡಲ್ಲ ಹಾಗಾಗಿ ಪೂರ್ತಿ ಮಾಯ ಆಗೋದು ಅಪರೂಪ. ಅದೂ ಆಗಲಿಲ್ಲ ಅಂದ್ರೆ 1 ಬೇಡ, 2.

ಪ್ರಶ್ನೆ: ಚಿಕ್ಕಂದಿನಲ್ಲಿ ನ್ಯಾಷನಲ್ ಮಾರ್ಕೆಟ್ಟಲ್ಲಿ ತಂದ ಕ್ಯಾಸೆಟ್ ಟಿವಿ ಗೇಮ್ ಆಡಿದ್ದು. ಅದೇ ಗೇಮ್ ಈಗ ಎಮ್ಯುಲೇಟರಲ್ಲಿ ಹಾಕಿದ್ರೆ ಜಾಸ್ತಿ ಫಾಸ್ಟ್ ಅನ್ಸುತ್ತೆ, ಮ್ಯೂಸಿಕ್ ಕೂಡ ಓಡುತ್ತೆ. ವಯಸ್ಸಾಯ್ತಾ ನಂಗೆ?
(ಶಿವಾಜಿನಗರದ ಓದುಗರು)

ಉತ್ತರ: ನಿಮ್ಮ ನೆನಪು ಗಟ್ಟಿಯಾಗಿದೆ ಸಾರ್! ನಮ್ಮ ದೇಶದ ಹಳೇ ಟಿವಿಗಳು ಪ್ಯಾಲ್ ಅನ್ನೋ ಪದ್ಧತಿಯವು, ಸೆಕೆಂಡಿಗೆ 50 ಸಲ ಚಿತ್ರ ಬದಲಾಯಿಸ್ತಿದ್ವು. ಪ್ಯಾಲ್‌ಗೆ ಅಂತ ಮಾಡಿದ ಟಿವಿ ಗೇಮ್ ಮಷೀನಲ್ಲಿ, ಜಪಾನ್‌ನೋರು 60ರ ಲೆಕ್ಕದಲ್ಲಿ ಮಾಡಿದ್ದ ಗೇಮ್ ಹಾಕಿದ್ರೆ ಆರರಲ್ಲಿ ಐದು ಪಾಲು ಸ್ಪೀಡಲ್ಲಿ ಓಡೋದು, ಹಾಡೂ ಅಷ್ಟೇ ನಿಧಾನ. ನಿಮ್ಮ ಕೈಗೆ ಆ ತಾಳ ಕೂತುಬಿಟ್ಟಿದೆ. ಎಮ್ಯುಲೇಟರ್‌ನ ರೀಜನ್ ಸೆಟಿಂಗ್‌ನಲ್ಲಿ ಪ್ಯಾಲ್ ಆರಿಸಿ, ಹಳೇ ಸ್ಪೀಡ್ ಸಿಗುತ್ತೆ. ಆಗ ಒಂದು ಫ್ರೇಮ್‌ಗೆ 16.67 ಬದಲು 20 ಮಿಲಿಸೆಕೆಂಡ್ ಸಿಗೋದ್ರಿಂದ ಹಳೇ ಕಂಪ್ಯೂಟರ್‌ಗೂ ಉಸಿರಾಡೋಕೆ ಜಾಗ ಆಗುತ್ತೆ. ಆದ್ರೆ 60ರ ಗೇಮ್ ನೋಡಿ ಬೆಳೆದೋರಿಗೆ ಇದನ್ನ ಸ್ಪೀಡ್ ಹೆಚ್ಚಿಸೋ ದಾರಿ ಅಂತ ಹೇಳಿಕೊಡಬೇಡಿ, ಅವರಿಗೆ ಅದು ಕೆಟ್ಟ ಟೈಮೇ.

ಪ್ರಶ್ನೆ: ಇಂಜಿನಿಯರಿಂಗ್ ಓದ್ತಿದೀನಿ, ಪ್ರಾಜೆಕ್ಟ್‌ಗೆ ಸಿ ಭಾಷೆಯಲ್ಲಿ ಗೇಮ್‌ಬಾಯ್ ಎಮ್ಯುಲೇಟರ್ ಬರೀತಿದೀನಿ. ಸಣ್ಣ ಬೋರ್ಡ್ ಮೇಲೆ ಓಡಬೇಕು ಹಾಗಾಗಿ ಫ್ರೇಮ್ ಸ್ಕಿಪ್ ಸೇರಿಸ್ದೆ, ಸ್ಕಿಪ್ ಆಗೋ ಫ್ರೇಮಲ್ಲಿ ಗ್ರಾಫಿಕ್ಸ್ ಫಂಕ್ಷನ್ನೇ ಕರೀತಿಲ್ಲ. ಗೇಮ್ ಹ್ಯಾಂಗ್ ಆಗುತ್ತೆ. ಎಲ್ಲಿ ತಪ್ಪಿದೀನಿ ಸಾರ್?
(ಜಯನಗರದ ವಿದ್ಯಾರ್ಥಿನಿ)

ಉತ್ತರ: ತುಂಬಾ ಒಳ್ಳೇ ಪ್ರಾಜೆಕ್ಟ್ ಹಿಡ್ಕೊಂಡಿದೀಯಮ್ಮ. ತಪ್ಪಿದ್ದು ಇಲ್ಲಿ, ಗ್ರಾಫಿಕ್ಸ್ ಚಿಪ್ ಬರೀ ಚಿತ್ರ ಬಿಡಿಸಲ್ಲ, ಗೇಮ್‌ಗೆ ಟೈಮ್ ಎಷ್ಟಾಯ್ತು ಅಂತಲೂ ಹೇಳ್ತಾ ಇರುತ್ತೆ. ಗೇಮ್‌ಬಾಯಲ್ಲಿ ಒಂದು ಫ್ರೇಮ್‌ಗೆ 154 ಗೆರೆ, ಒಂದು ಗೆರೆಗೆ 456 ಸೈಕಲ್, ಒಟ್ಟು 70,224. ಅದರಲ್ಲಿ ಕಾಣೋದು 144 ಗೆರೆ, ಮಿಕ್ಕ 10 ಗೆರೆ ವಿಬ್ಲಾಂಕ್, ಅಂದ್ರೆ ಎರಡು ಚಿತ್ರಗಳ ಮಧ್ಯದ ಬಿಡುವು. ಗೇಮ್ ಈಗ ಎಷ್ಟನೇ ಗೆರೆ ಅಂತ ಎಲ್‌ವೈ ರಿಜಿಸ್ಟರ್ ಓದ್ತಾ ಕೂತಿರುತ್ತೆ, ಇಲ್ಲಾ ವಿಬ್ಲಾಂಕ್ ಶುರುವಾಯ್ತು ಅಂತ ಹೇಳೋ ಇಂಟರಪ್ಟ್ ಬರಲಿ ಅಂತ ಕಾಯ್ತಾ ಇರುತ್ತೆ. ನೀನು ಫಂಕ್ಷನ್ನೇ ಕರೀದೇ ಇದ್ರೆ ಎಲ್‌ವೈ ನಿಂತಲ್ಲೇ ನಿಲ್ಲುತ್ತೆ, ಇಂಟರಪ್ಟ್ ಬರಲ್ಲ, ಗೇಮ್ ಪಾಪ ಕಾಯ್ತಾನೇ ಇರುತ್ತೆ. ಅದೇ ನಿನ್ನ ಹ್ಯಾಂಗ್.

1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಇದಕ್ಕೆ ಸೊಗಸಾದ ಉದಾಹರಣೆ ಇದೆ. ಮೇಲಿನ ಸ್ಕೋರ್ ಪಟ್ಟಿ ಅಲ್ಲೇ ನಿಲ್ಲುತ್ತೆ, ಕೆಳಗಿನ ಜಗತ್ತು ಮಾತ್ರ ಸರಿಯುತ್ತೆ ಅಲ್ವಾ, ಎಲ್ಲಿಂದ ಸರಿಸಬೇಕು ಅಂತ ತಿಳಿಯೋಕೆ ಆ ಗೇಮ್ ಮೊದಲನೇ ಸ್ಪ್ರೈಟು ಹಿನ್ನೆಲೆಗೆ ತಾಕೋ ಗಳಿಗೆಯನ್ನ ಕಾಯುತ್ತೆ. ಅದನ್ನ ಸ್ಪ್ರೈಟ್ ಜೀರೋ ಹಿಟ್ ಅಂತಾರೆ. ಚಿತ್ರ ಬಿಡಿಸ್ತಾ ಇಲ್ಲ ಅಂತ ಎಮ್ಯುಲೇಟರ್ ಈ ತಾಕುವಿಕೆಯನ್ನೂ ಲೆಕ್ಕ ಹಾಕದೇ ಬಿಟ್ರೆ ಮಾರಿಯೋ ಅಲ್ಲೇ ಕಲ್ಲು. ಹಂಗಾಗಿ ಎಲ್ಲವನ್ನೂ ಬಿಡೋ ಹಾಗಿಲ್ಲ, ಗೇಮ್ ಯಾವುದನ್ನ ವಾಪಸ್ ಕೇಳುತ್ತೋ ಅದನ್ನ ಕೊಡಲೇಬೇಕು.

ನೀನು ಮಾಡಬೇಕಾದ್ದು, ಗೆರೆ ಲೆಕ್ಕ, ಮೋಡ್ ಬದಲಾವಣೆ, ಸ್ಟಾಟ್ ಮತ್ತು ವಿಬ್ಲಾಂಕ್ ಇಂಟರಪ್ಟು, ಟೈಮರು, ಸೌಂಡು ಎಲ್ಲಾ ಪ್ರತಿ ಫ್ರೇಮಲ್ಲೂ ಓಡಲಿ. 160 ಗುಣಿಸು 144 ಪಿಕ್ಸೆಲ್‌ಗೆ ಬಣ್ಣ ಹುಡುಕಿ ಬಫರ್‌ಗೆ ಬರೆಯೋ ಒಳಗಿನ ಲೂಪ್ ಇದ್ಯಲ್ಲ, ಅದರ ಮುಂದೆ ಮಾತ್ರ ಒಂದು ಇಫ್ (ಬೇಕಿದ್ರೆ ಮಾತ್ರ ಓಡು ಅನ್ನೋ ಷರತ್ತು) ಹಾಕು. ಬಿಡಬೇಕಾ ಬೇಡ್ವಾ ಅನ್ನೋ ತೀರ್ಮಾನ ಫ್ರೇಮ್ ಶುರುವಲ್ಲೇ ಒಂದು ಸಲ ಆಗಲಿ, ಮಧ್ಯದಲ್ಲಿ ಬದಲಿಸಿದ್ರೆ ಅರ್ಧ ಹೊಸ ಅರ್ಧ ಹಳೇ ಚಿತ್ರ ಬರುತ್ತೆ. ತೀರ್ಮಾನಕ್ಕೆ ಗಡಿಯಾರಕ್ಕಿಂತ ಸೌಂಡ್ ಬಫರ್ ನಂಬೋದು ವಾಸಿ, ಮೂರರಲ್ಲಿ ಒಂದು ಪಾಲಿಗಿಂತ ಕೆಳಗಿಳಿದ್ರೆ ಮುಂದಿನ ಚಿತ್ರ ಬಿಡು, ಇಲ್ಲಾಂದ್ರೆ ಬಿಡಿಸು. ಸತತವಾಗಿ ಮೂರಕ್ಕಿಂತ ಜಾಸ್ತಿ ಬಿಡದ ಹಾಗೆ ಒಂದು ಕೌಂಟರ್ ಇಡು, ಇಲ್ದಿದ್ರೆ ಕಷ್ಟದ ಜಾಗದಲ್ಲಿ ಸ್ಕ್ರೀನ್ ಪೂರ್ತಿ ಫ್ರೀಜ್ ಆದಂಗೆ ಕಾಣುತ್ತೆ, ಆಡೋರಿಗೆ ಜೀವನೇ ಹೋದಂಗಾಗುತ್ತೆ. ಗಡಿಯಾರನೇ ಬಳಸ್ತೀನಿ ಅಂದ್ರೆ ಡಿಸ್‌ಪ್ಲೇ ರಿಫ್ರೆಶ್‌ಗೆ ಕಾದ ಟೈಮನ್ನ ಕೆಲಸದ ಟೈಮ್ ಜೊತೆ ಸೇರಿಸಬೇಡ, ಸುಮ್ನೆ ಕಾಯ್ತಾ ಕೂತಿದ್ದನ್ನೂ ಸ್ಲೋ ಅಂದ್ಕೊಂಡು ಆರಾಮಾಗಿರೋ ಮಷೀನಲ್ಲೂ ಚಿತ್ರ ಬಿಡ್ತಾ ಹೋಗುತ್ತೆ.

ಸರಿ ಆಗಿದೆಯಾ ಅಂತ ನೋಡೋಕೆ ಒಂದು ಸುಲಭದ ಪರೀಕ್ಷೆ. ಬಟನ್ ಒತ್ತಿದ್ದನ್ನ ಫ್ರೇಮ್ ನಂಬರ್ ಸಮೇತ ರೆಕಾರ್ಡ್ ಮಾಡ್ಕೋ, ಅದನ್ನೇ ಸ್ಕಿಪ್ ಇಲ್ದೇ ಒಂದ್ಸಲ, ಸ್ಕಿಪ್ 3 ಇಟ್ಟು ಒಂದ್ಸಲ ಓಡಿಸು, 1,000ನೇ ಫ್ರೇಮಲ್ಲಿ ರ್‍ಯಾಮ್ ಪೂರ್ತಿ ಹೋಲಿಸು. ಒಂದು ಬೈಟ್ ವ್ಯತ್ಯಾಸ ಬಂದ್ರೂ ನಿನ್ನ ಇಫ್ ಎಲ್ಲೋ ಚಿತ್ರದ ಜೊತೆ ಆಟನೂ ಬಿಡ್ತಾ ಇದೆ. ಹೋಲಿಕೆ ತಾಳೆ ಆಗದ ಫ್ರೇಮ್ ಸಿಕ್ಕರೆ, ಆ ಫ್ರೇಮಲ್ಲಿ ಗೇಮ್ ಯಾವ ರಿಜಿಸ್ಟರ್ ಓದ್ತು ಅಂತ ಲಾಗ್ ತೆಗೆದು ಕಳ್ಸು, ಇಬ್ರೂ ಸೇರಿ ನೋಡೋಣ.